ತೊಳೆದ ಮೇಲೆ ಜೀನ್ಸ್ 51 ಗ್ರಾಂ ಹಗುರವಾಯಿತು, 14 ಔನ್ಸ್ ಎಲ್ಲಿ ಹೋಯಿತು?

ಪ್ರಶ್ನೆ: ಎರಡು ತಿಂಗಳ ಹಿಂದೆ ಒಂದು ಜೀನ್ಸ್ ಕೊಂಡೆ. ಒಮ್ಮೆಯೂ ತೊಳೆಯದ, ರಟ್ಟಿನ ಹಾಗೆ ಗರಿಗರಿಯಾಗಿದ್ದ ಡೆನಿಮ್. ಲೇಬಲ್ ಮೇಲೆ "14 ಔನ್ಸ್, ಸ್ಯಾನ್‌ಫರೈಸ್ಡ್" ಎಂದಿತ್ತು. ಉದ್ದ ಜಾಸ್ತಿ ಇತ್ತು, ಹಾಗಾಗಿ ಟೈಲರ್ ಹತ್ತಿರ ಎರಡೂ ಕಾಲಿನ ತುದಿ ಕತ್ತರಿಸಿ ಹೊಲಿಸಿದೆ. ತೊಳೆಯುವ ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದೆ, 912 ಗ್ರಾಂ. ಬೆಚ್ಚಗಿನ ನೀರಲ್ಲಿ ಮೂರು ಸಲ ಮಷಿನ್‌ಗೆ ಹಾಕಿದ ಮೇಲೆ 861 ಗ್ರಾಂ. ಕಾಲಿನ ಒಳಹೊಲಿಗೆ 81 ಸೆಂಟಿಮೀಟರ್ ಇದ್ದದ್ದು ಈಗ 78.5. ತೊಡೆಯ ಹತ್ತಿರ ಅಗಲ 30 ಇದ್ದದ್ದು 29.6. ಒಬ್ಬ ಗೆಳೆಯ "14 ಔನ್ಸ್ ಅಂದರೆ ಇಡೀ ಪ್ಯಾಂಟಿನ ತೂಕ" ಅನ್ನುತ್ತಾನೆ. ಇನ್ನೊಬ್ಬ "ತೊಳೆದರೆ ಔನ್ಸ್ ಏರಬೇಕು, ನಿಂದು ಇಳಿದಿದೆ ಅಂದರೆ ಬಟ್ಟೆ ಕಳಪೆ" ಅನ್ನುತ್ತಾನೆ. ಮತ್ತೊಬ್ಬನ ಪ್ರಕಾರ ಆರು ತಿಂಗಳು ನೀರೇ ಮುಟ್ಟಿಸಬಾರದಿತ್ತು. ಟೈಲರ್ ಕತ್ತರಿಸಿದ ತುಂಡುಗಳು ನನ್ನ ಹತ್ತಿರ ಇವೆ. ಒಂದರಿಂದ 10 ಸೆಂಟಿಮೀಟರ್ ಚೌಕ ಕತ್ತರಿಸಿ, ಚಿನ್ನ ತೂಗುವಂಥ ಪುಟ್ಟ ತಕ್ಕಡಿಯಲ್ಲಿಟ್ಟರೆ 4.80 ಗ್ರಾಂ ಬಂತು. ನನಗೆ ಮೋಸ ಆಗಿದೆಯಾ? ಪ್ರತಿ ಸಲ ತೊಳೆದಾಗಲೂ ಬಟ್ಟೆ ಹೀಗೇ ಸವೆಯುತ್ತಾ ಹೋಗುತ್ತದಾ? ಮುಂದಿನ ಸಲ 18 ಔನ್ಸ್‌ನದ್ದು ಕೊಳ್ಳಬೇಕಾ?

ಉತ್ತರ: ಮೋಸ ಆಗಿಲ್ಲ. ಬಟ್ಟೆ ಕಳಪೆಯೂ ಅಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ನೀವೇ ಅಳೆದು ಬರೆದ ಅಂಕಿಗಳಲ್ಲಿ ಇದು ಕಾಣುತ್ತದೆ. ಡೆನಿಮ್ ಗಿರಣಿಯ ಪರೀಕ್ಷಾ ಕೊಠಡಿಯಲ್ಲಿ ನಾನು ಕೆಲಸ ಮಾಡಿದ ವರ್ಷಗಳಲ್ಲಿ ಇಂಥ ದೂರುಗಳನ್ನು ತುಂಬಾ ನೋಡಿದ್ದೇನೆ. ಆದರೆ ತೊಳೆಯುವ ಮೊದಲೇ ತೂಗಿ, ಉದ್ದಗಲ ಅಳೆದು, ಕತ್ತರಿಸಿದ ತುಂಡನ್ನೂ ಎತ್ತಿಟ್ಟುಕೊಂಡು ಕೇಳಿದವರು ತೀರಾ ಕಡಿಮೆ. ಹಾಗಾಗಿ ನಿಮ್ಮ ಅಂಕಿಗಳನ್ನೇ ಹಿಡಿದು ಮಾತಾಡೋಣ.

ನಿಮ್ಮ ಗೊಂದಲದ ಮೂಲ ಒಂದೇ. ಜೀನ್ಸ್‌ನ ತೂಕ ಬೇರೆ, ಡೆನಿಮ್ ಬಟ್ಟೆಯ ತೂಕ ಬೇರೆ. ಲೇಬಲ್ ಹೇಳುವುದು ಎರಡನೆಯದನ್ನು, ಅಡುಗೆಮನೆಯ ತಕ್ಕಡಿ ಹೇಳುವುದು ಮೊದಲನೆಯದನ್ನು. ತೊಳೆದಾಗ ಇವೆರಡೂ ಒಂದೇ ದಿಕ್ಕಿಗೆ ಹೋಗಬೇಕು ಅಂತಿಲ್ಲ. ಒಂದು ಇಳಿಯುವಾಗ ಇನ್ನೊಂದು ಏರಬಹುದು.

14 ಔನ್ಸ್ ಅಂದರೆ ಒಂದು ಚದರ ಗಜ ಬಟ್ಟೆಯ ತೂಕ. ಒಂದು ಗಜ ಉದ್ದ, ಒಂದು ಗಜ ಅಗಲದ ತುಂಡು ಕತ್ತರಿಸಿ ತೂಗಿದರೆ 14 ಔನ್ಸ್ ಬರಬೇಕು. ಒಂದು ಔನ್ಸ್ ಎಂದರೆ 28.35 ಗ್ರಾಂ, ಅಂದರೆ 14 ಔನ್ಸ್ ಸುಮಾರು 397 ಗ್ರಾಂ. ನಿಮ್ಮ ಮೊದಲನೇ ಗೆಳೆಯನ ಮಾತು ನಿಜವಾಗಿದ್ದರೆ ನಿಮ್ಮ ಜೀನ್ಸ್ 400 ಗ್ರಾಂ ಕೂಡ ಇರಬಾರದಿತ್ತು. ಅಷ್ಟು ಹಗುರದ 14 ಔನ್ಸ್ ಜೀನ್ಸ್ ದೊಡ್ಡವರ ಅಳತೆಯಲ್ಲಿ ಸಿಗುವುದಿಲ್ಲ. ಒಂದು ಜೀನ್ಸ್‌ಗೆ ಒಂದು ಚದರ ಗಜಕ್ಕಿಂತ ಜಾಸ್ತಿ ಬಟ್ಟೆ ಬೇಕು. ಅದರ ಮೇಲೆ ಜೇಬಿನ ಬಟ್ಟೆ, ಬಟನ್, ಜಿಪ್, ರಿವೆಟ್, ಎರಡೆರಡು ಪದರದ ಹೊಲಿಗೆ ಎಲ್ಲ ಸೇರುತ್ತವೆ.

ಗಿರಣಿಗಳಲ್ಲಿ ಈಗ ಹೆಚ್ಚಾಗಿ ಲೆಕ್ಕ ಇಡುವುದು ಜಿಎಸ್‌ಎಂನಲ್ಲಿ, ಅಂದರೆ ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ಎಂದು. ಒಂದು ಔನ್ಸ್‌ಗೆ 33.9 ಜಿಎಸ್‌ಎಂ. 10 ಔನ್ಸ್ ಡೆನಿಮ್ 339, 12 ಔನ್ಸ್‌ನದ್ದು 407, 14 ಔನ್ಸ್‌ನದ್ದು ಸುಮಾರು 475. ಹಳೆಯ ಕಾಲದ ಲೆಕ್ಕದಲ್ಲಿ ಒಂದು ತೊಡಕಿದೆ, ಹೇಳಿಬಿಡುತ್ತೇನೆ. ಆಗ ಕಿರಿದಾದ ಮಗ್ಗಗಳಲ್ಲಿ 28–30 ಇಂಚು ಅಗಲದ ಬಟ್ಟೆ ನೇಯುತ್ತಿದ್ದರು. ಅದನ್ನು ಚದರ ಗಜದ ಬದಲು ಉದ್ದದ ಗಜಕ್ಕೆ ಇಷ್ಟು ಔನ್ಸ್ ಎಂದು ಹೇಳುವ ರೂಢಿಯೂ ಇತ್ತು. 29 ಇಂಚು ಅಗಲದ ಬಟ್ಟೆಯಲ್ಲಿ ಚದರ ಗಜಕ್ಕೆ 14 ಔನ್ಸ್ ಇರುವುದು ಉದ್ದದ ಗಜಕ್ಕೆ ಬರೀ 11.3 ಆಗುತ್ತದೆ. ಹಳೆಯ ಬಟ್ಟೆಯ ಔನ್ಸನ್ನು ಇವತ್ತಿನದರ ಜೊತೆ ಹೋಲಿಸುವವರು ಇದನ್ನು ಮರೆಯಬಾರದು. ನಿಮ್ಮ ಜೀನ್ಸ್‌ಗೆ ಇದು ಬೇಕಾಗಿಲ್ಲ.

ನಮ್ಮ ಕೊಠಡಿಯಲ್ಲಿ ಬಟ್ಟೆ ತೂಗಲು ಒಂದು ದುಂಡು ಕಟರ್ ಇತ್ತು. ದಪ್ಪ ಲೋಹದ ಮುಚ್ಚಳದ ಹಾಗೆ ಇರುತ್ತದೆ, ಒಳಗೆ ಸುತ್ತಲೂ ಸಣ್ಣ ಬ್ಲೇಡುಗಳು. ಬಟ್ಟೆಯನ್ನು ಎಳೆಯದೆ, ಸುಕ್ಕು ಇಲ್ಲದ ಹಾಗೆ ರಬ್ಬರ್ ಹಾಸಿನ ಮೇಲೆ ಹರಡಬೇಕು. ಕಟರ್ ಇಟ್ಟು, ಅಂಗೈಯಿಂದ ಒತ್ತಿ, ತಿರುಗಿಸಬೇಕು. ತೆಳು ಬಟ್ಟೆ ಆದರೆ ಗೊತ್ತೇ ಆಗುವುದಿಲ್ಲ. ಭಾರದ ಡೆನಿಮ್ ಆದರೆ ಕರ್ರ್ ಎಂದು ಸದ್ದು ಬರುತ್ತದೆ, ಮಣಿಕಟ್ಟಿಗೆ ಬಿಗಿ ತಾಗುತ್ತದೆ. ಮೇಲೆತ್ತಿದರೆ ದೋಸೆಕಲ್ಲಿನ ಮೇಲಿಂದ ಎದ್ದ ಹಾಗೆ ಅಲ್ಲ, ನಾಣ್ಯದ ಹಾಗೆ ಅಂಚು ಚೊಕ್ಕವಾಗಿರುವ ಒಂದು ಬಿಲ್ಲೆ. ಅದರ ವ್ಯಾಸ 11.28 ಸೆಂಟಿಮೀಟರ್. ಈ ವಿಚಿತ್ರ ಅಂಕಿ ಯಾಕೆ ಅಂದರೆ ಆ ಬಿಲ್ಲೆಯ ವಿಸ್ತೀರ್ಣ ಸರಿಯಾಗಿ 100 ಚದರ ಸೆಂಟಿಮೀಟರ್ ಆಗುತ್ತದೆ. ಒಂದು ಚದರ ಮೀಟರ್‌ನ ನೂರನೇ ಒಂದು ಪಾಲು. ತಕ್ಕಡಿ ತೋರಿಸಿದ ಗ್ರಾಂ ಅನ್ನು ನೂರರಿಂದ ಗುಣಿಸಿದರೆ ಜಿಎಸ್‌ಎಂ ಸಿಕ್ಕಿತು. ಬಟ್ಟೆಯ ಅಗಲದುದ್ದಕ್ಕೂ ಬೇರೆಬೇರೆ ಕಡೆ ಕತ್ತರಿಸಿ ಸರಾಸರಿ ತೆಗೆಯುತ್ತಿದ್ದೆವು, ಅಂಚಿನ ಹತ್ತಿರ ಮಾತ್ರ ಬಿಡುತ್ತಿದ್ದೆವು.

ನೀವು ಮಾಡಿದ್ದೂ ಇದನ್ನೇ, ಗೊತ್ತಾ? 10 ಸೆಂಟಿಮೀಟರ್ ಚೌಕ ಅಂದರೂ 100 ಚದರ ಸೆಂಟಿಮೀಟರ್. 4.80 ಗ್ರಾಂ ಅಂದರೆ 480 ಜಿಎಸ್‌ಎಂ. 33.9ರಿಂದ ಭಾಗಿಸಿದರೆ 14.16 ಔನ್ಸ್. ಲೇಬಲ್ ಹೇಳಿದ್ದು 14. ವ್ಯಾಪಾರದಲ್ಲಿ ಶೇ 5ರಷ್ಟು ಆಚೀಚೆ ಆಗುವುದನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ನಿಮ್ಮದು ಅದರೊಳಗೇ ಇದೆ, ಅದೂ ಸ್ವಲ್ಪ ಜಾಸ್ತಿ ಕಡೆಗೆ. ಆದರೆ ಮನೆಯಲ್ಲಿ ಕತ್ತರಿಸುವಾಗ ಒಂದು ಎಚ್ಚರ ಬೇಕು. ಚೌಕದ ಪ್ರತಿ ಬದಿ ಬರೀ 2 ಮಿಲಿಮೀಟರ್ ದೊಡ್ಡದಾದರೂ ತೂಕ ಶೇ 4ರಷ್ಟು ಏರಿಬಿಡುತ್ತದೆ, ಅಂದರೆ ಅರ್ಧ ಔನ್ಸ್‌ಗಿಂತ ಹೆಚ್ಚು ತಪ್ಪು. ಚೂಪಾದ ಬ್ಲೇಡು, ಉಕ್ಕಿನ ಸ್ಕೇಲು, ಕತ್ತರಿಸುವ ಮುಂಚೆ ಮೂಲೆಯಿಂದ ಮೂಲೆಗೆ ಅಳೆದು ನೋಡುವುದು, ಇಷ್ಟು ಮಾಡಿದರೆ ಸಾಕು.

ಈಗ ಆ 51 ಗ್ರಾಂ ಎಲ್ಲಿ ಹೋಯಿತು ನೋಡೋಣ.

ಬಹುಪಾಲು ಅದು ಗಂಜಿ. ಮಗ್ಗದಲ್ಲಿ ಉದ್ದಕ್ಕೆ ಹೂಡಿರುವ ಎಳೆಗಳು ಹಾಸು, ಅಡ್ಡಕ್ಕೆ ಓಡುವ ಎಳೆಗಳು ಹೊಕ್ಕು. ಡೆನಿಮ್‌ನಲ್ಲಿ ಹಾಸು ನೀಲಿ, ಹೊಕ್ಕು ಬಿಳಿ. ನೇಯುವಾಗ ಹಾಸಿನ ಎಳೆ ಬಿಗಿಯಾಗಿ ಎಳೆದುಕೊಂಡಿರುತ್ತದೆ, ಪ್ರತಿ ಸಲ ಹೊಕ್ಕು ದಾಟುವಾಗಲೂ ಮೇಲೆ ಕೆಳಗೆ ಆಡುತ್ತದೆ, ಹಣಿಗೆಗೆ ಉಜ್ಜುತ್ತದೆ. ಹಾಗೇ ಬಿಟ್ಟರೆ ನಾರು ಎದ್ದು ಕಿತ್ತುಹೋಗುತ್ತದೆ. ಅದಕ್ಕೇ ನೇಯುವ ಮೊದಲು ಹಾಸಿನ ಎಳೆಗಳಿಗೆ ಪಿಷ್ಟದ ಅಥವಾ ಅಂಥದೇ ಬೇರೆ ಅಂಟಿನ ಲೇಪ ಕೊಡುತ್ತಾರೆ. ಗಿರಣಿಯಲ್ಲಿ ಇದಕ್ಕೆ ಸೈಜಿಂಗ್ ಅನ್ನುತ್ತೇವೆ. ಇದರ ತೂಕ ಹಾಸಿನ ನೂಲಿನ ತೂಕದ ಶೇ 8ರಿಂದ 12ರಷ್ಟು ಇರುತ್ತದೆ. ಬಟ್ಟೆಯಲ್ಲಿ ಹಾಸಿನ ಪಾಲು ಸುಮಾರು ಶೇ 60. ಲೆಕ್ಕ ಹಾಕಿದರೆ ಇಡೀ ಬಟ್ಟೆಯ ತೂಕದಲ್ಲಿ ಶೇ 5ರಿಂದ 7ರವರೆಗೆ ಬರೀ ಗಂಜಿ. ನಿಮ್ಮ ಹೊಸ ಜೀನ್ಸ್ ನೆಲದ ಮೇಲೆ ತಾನೇ ನಿಲ್ಲುವಷ್ಟು ಗಡುಸಾಗಿತ್ತಲ್ಲ, ಅದು ಹತ್ತಿಯ ಗುಣ ಅಲ್ಲ, ಈ ಗಂಜಿಯದು.

ನಿಮ್ಮದರಲ್ಲಿ 912ರಿಂದ 861ಕ್ಕೆ ಇಳಿದದ್ದು ಶೇ 5.6. ಗಂಜಿಯ ಲೆಕ್ಕಕ್ಕೆ ಸರಿಹೊಂದುತ್ತದೆ. ಜೊತೆಗೆ ಎಳೆಗೆ ಸರಿಯಾಗಿ ಹಿಡಿಯದ ಒಂದಿಷ್ಟು ಇಂಡಿಗೋ ಹೋಗಿರುತ್ತದೆ, ನೀರು ನೀಲಿಯಾದದ್ದು ಅದಕ್ಕೇ. ಸಡಿಲ ನಾರು ಸ್ವಲ್ಪ ಹೋಗಿರುತ್ತದೆ. ಇವೆರಡೂ ಗಂಜಿಯ ಮುಂದೆ ಸಣ್ಣವು.

ಇನ್ನೊಂದು ಪಾಲು ಇರಬಹುದು, ಅದು ನೀವು ತೂಗಿದ ದಿನದ ಹವೆ. ಹತ್ತಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮುಟ್ಟಿದರೆ ಒಣಗಿದೆ ಅನಿಸುವ ಬಟ್ಟೆಯಲ್ಲೂ ಅದರ ಒಣ ತೂಕದ ಶೇ 7–8ರಷ್ಟು ನೀರು ಇರುತ್ತದೆ. ಸುಡುವ ಬಿಸಿಲಿಂದ ಈಗಷ್ಟೇ ತಂದ ಜೀನ್ಸ್‌ನಲ್ಲಿ ಇದು ಕಡಿಮೆ, ಮಳೆ ಹಿಡಿದ ದಿನ ಜಾಸ್ತಿ. 900 ಗ್ರಾಂ ಜೀನ್ಸ್‌ನಲ್ಲಿ ಇದರಿಂದಲೇ 20–30 ಗ್ರಾಂ ಆಚೀಚೆ ಆಗಬಹುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಳೆಯ ದಿನ ಅವಸರದಲ್ಲಿ ತೂಗಿ, ಒಂದು ಇಡೀ ಲಾಟಿನ ತೂಕ ಜಾಸ್ತಿ ಇದೆ ಎಂದು ಬರೆದುಬಿಟ್ಟಿದ್ದೆ. ಮಾರನೇ ದಿನ ಹಿರಿಯರೊಬ್ಬರು ಅದೇ ಬಿಲ್ಲೆಗಳನ್ನು ಹವೆ ನಿಯಂತ್ರಿಸಿದ ಕೊಠಡಿಯಲ್ಲಿ ಕೆಲವು ಗಂಟೆ ಇಟ್ಟು ಮತ್ತೆ ತೂಗಿಸಿದರು. ತೂಕ ಸರಿಯಾಗಿತ್ತು. ಪ್ರಯೋಗಾಲಯಗಳಲ್ಲಿ ಬಟ್ಟೆಯನ್ನು ಸುಮಾರು 20 ಡಿಗ್ರಿ ಸೆಲ್ಸಿಯಸ್, ಶೇ 65 ತೇವದ ಗಾಳಿಯಲ್ಲಿ ಇಟ್ಟೇ ತೂಗುವುದು ಇದೇ ಕಾರಣಕ್ಕೆ. ಮನೆಯಲ್ಲಿ ಅಷ್ಟೆಲ್ಲ ಆಗುವುದಿಲ್ಲ. ಆದರೆ ತೊಳೆಯುವ ಮೊದಲಿನದನ್ನೂ ನಂತರದ್ದನ್ನೂ ಹೋಲಿಸಬೇಕಾದರೆ, ಒಂದೇ ಕೋಣೆಯಲ್ಲಿ ಒಂದು ರಾತ್ರಿ ನೇತುಹಾಕಿ ಆಮೇಲೆ ತೂಗಿ.

ಇಷ್ಟು ಹೊತ್ತು ನೋಡಿದ್ದು ಜೀನ್ಸ್‌ನ ತೂಕ. ಇನ್ನು ಬಟ್ಟೆಯ ತೂಕಕ್ಕೆ ಬರೋಣ. ಇಲ್ಲಿ ನಿಮ್ಮ ಎರಡನೇ ಗೆಳೆಯನ ಮಾತಲ್ಲಿ ಅರ್ಧ ನಿಜ ಇದೆ.

ತೊಳೆದಾಗ ಡೆನಿಮ್ ಕುಗ್ಗುತ್ತದೆ. ಹತ್ತಿಯ ನಾರೇ ಮೋಟಾಗುತ್ತದೆ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ, ಅದು ಹಾಗಲ್ಲ. ನೀರು ಕುಡಿದ ನಾರು ಉದ್ದದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ, ಸುತ್ತಳತೆಯಲ್ಲಿ ಊದಿಕೊಳ್ಳುತ್ತದೆ. ಹೊಕ್ಕಿನ ಎಳೆ ದಪ್ಪ ಆಯಿತು ಅಂದುಕೊಳ್ಳಿ. ಅದರ ಮೇಲೇರಿ ಇಳಿಯುವ ಹಾಸಿನ ಎಳೆ ಈಗ ಇನ್ನೂ ದೊಡ್ಡ ದಿಬ್ಬವನ್ನು ಸುತ್ತಬೇಕು. ಎಳೆಯ ಉದ್ದ ಅಷ್ಟೇ ಇದೆ, ದಾರಿ ಅಂಕುಡೊಂಕಾಯಿತು. ಹಾಗಾಗಿ ಬಟ್ಟೆ ಗಿಡ್ಡ ಆಗುತ್ತದೆ. ಮಗ್ಗದಲ್ಲೂ ಆಮೇಲಿನ ಸಂಸ್ಕರಣೆಯಲ್ಲೂ ಎಳೆದು ಎಳೆದು ಬಿಗಿ ಮಾಡಿದ್ದ ಹಾಸಿನ ಎಳೆಗಳಿಗೆ ನೀರಲ್ಲಿ ಬಿಡುಗಡೆಯೂ ಸಿಗುತ್ತದೆ. ಹಾಸು ಇರುವುದು ಕಾಲಿನ ಉದ್ದಕ್ಕೆ. ನಿಮ್ಮ ಜೀನ್ಸ್ ಅಗಲಕ್ಕಿಂತ ಉದ್ದದಲ್ಲಿ ಜಾಸ್ತಿ ಕುಗ್ಗಿದ್ದು ಅದಕ್ಕೇ. ಉದ್ದದಲ್ಲಿ ಶೇ 3.1, ಅಗಲದಲ್ಲಿ ಶೇ 1.3. ಸೊಂಟ ತೊಡೆಗಳು ಹಾಕಿ ಓಡಾಡುವಾಗ ಮತ್ತೆ ಸಡಿಲ ಆಗುತ್ತವೆ. ಉದ್ದವನ್ನು ಎಳೆಯುವವರು ಯಾರೂ ಇಲ್ಲ, ಅದು ಗಿಡ್ಡವಾಗಿಯೇ ಉಳಿಯುತ್ತದೆ.

ನಿಮ್ಮ ಚೌಕವನ್ನು ಮತ್ತೆ ಕಣ್ಣ ಮುಂದೆ ತಂದುಕೊಳ್ಳಿ. 100 ಚದರ ಸೆಂಟಿಮೀಟರ್, 4.80 ಗ್ರಾಂ. ಜೀನ್ಸ್ ಕುಗ್ಗಿದಷ್ಟೇ ಇದೂ ಕುಗ್ಗಿದರೆ ಉದ್ದ 9.69, ಅಗಲ 9.87 ಆಗುತ್ತದೆ. ವಿಸ್ತೀರ್ಣ 95.6ಕ್ಕೆ ಇಳಿಯಿತು. ತೂಕವೂ ಶೇ 5.6 ಇಳಿದು 4.53 ಗ್ರಾಂ ಆಯಿತು. ಈಗ 4.53 ಗ್ರಾಂ ಇರುವುದು 95.6 ಚದರ ಸೆಂಟಿಮೀಟರ್‌ನಲ್ಲಿ. ನೂರಕ್ಕೆ ಲೆಕ್ಕ ಹಾಕಿದರೆ 4.74. ಅಂದರೆ 474 ಜಿಎಸ್‌ಎಂ. ಔನ್ಸ್‌ನಲ್ಲಿ? ಹತ್ತಿರ ಹತ್ತಿರ 14.

51 ಗ್ರಾಂ ಹೋಯಿತು, ಬಟ್ಟೆ ಮಾತ್ರ 14 ಔನ್ಸ್‌ನದ್ದಾಗಿಯೇ ಉಳಿಯಿತು. ಗಂಜಿ ಹೋಗಿ ಎಷ್ಟು ಇಳಿಯಿತೋ ಹೆಚ್ಚುಕಡಿಮೆ ಅಷ್ಟನ್ನು ಕುಗ್ಗುವಿಕೆ ತುಂಬಿಕೊಟ್ಟಿತು. ಬಟನ್, ಜಿಪ್‌ಗಳ ತೂಕ ಇಳಿಯುವುದಿಲ್ಲವಾದ್ದರಿಂದ ಬರೀ ಬಟ್ಟೆಯಲ್ಲಿನ ಇಳಿಕೆ ಒಂಚೂರು ಜಾಸ್ತಿ ಇದ್ದೀತು. ಅದರಿಂದ ಈ ಲೆಕ್ಕ ಮೇಲೆ ಕೆಳಗಾಗುವುದಿಲ್ಲ.

ನಿಮ್ಮ ಗೆಳೆಯ ಹೇಳಿದ ಹಾಗೆ ಔನ್ಸ್ ಏರುವುದು ಯಾವಾಗ? ಬಟ್ಟೆ ಸ್ಯಾನ್‌ಫರೈಸ್ ಆಗಿಲ್ಲದಿದ್ದಾಗ. ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬ ಅಮೆರಿಕನ್ನರು 1930ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು, ಹೆಸರೂ ಅವರದೇ. ತೇವ ಮಾಡಿದ ಬಟ್ಟೆಯನ್ನು ದಪ್ಪ ರಬ್ಬರ್ ಪಟ್ಟಿಯ ಮೇಲೆ ಹಾಯಿಸುತ್ತಾರೆ. ಹಿಗ್ಗಿದ ರಬ್ಬರ್ ಹಿಂದಕ್ಕೆ ಕುಗ್ಗುವಾಗ ಬಟ್ಟೆಯನ್ನೂ ತನ್ನ ಜೊತೆ ಒತ್ತೊತ್ತಾಗಿ ಸೇರಿಸುತ್ತದೆ. ಮುಂದೆ ನಿಮ್ಮ ಮನೆಯ ಬಕೆಟ್‌ನಲ್ಲಿ ಆಗಬೇಕಾದ ಕುಗ್ಗುವಿಕೆಯನ್ನು ಗಿರಣಿಯಲ್ಲೇ ಮುಗಿಸುತ್ತಾರೆ, ಪೂರ್ತಿ ಅಲ್ಲ, ಬಹುಪಾಲು. ಆಮೇಲೆ ಉಳಿಯುವುದು ಶೇ 1ರಿಂದ 3ರಷ್ಟು. ನಿಮ್ಮದು ಆ ಮೇಲಿನ ಗೆರೆಗೆ ತಾಗಿ ನಿಂತಿದೆ. ಸ್ಯಾನ್‌ಫರೈಸ್ ಮಾಡದ ಡೆನಿಮ್ ಉದ್ದದಲ್ಲಿ ಶೇ 7–10 ಕುಗ್ಗುತ್ತದೆ. ಅಂಥ 14 ಔನ್ಸ್ ಬಟ್ಟೆ ಉದ್ದದಲ್ಲಿ ಶೇ 8, ಅಗಲದಲ್ಲಿ ಶೇ 3 ಕುಗ್ಗಿ, ಗಂಜಿಯಿಂದ ಶೇ 5 ಕಳೆದುಕೊಂಡರೆ ಕೊನೆಗೆ 14.9 ಔನ್ಸ್ ಆಗಿ ನಿಲ್ಲುತ್ತದೆ. ಜೀನ್ಸ್ ಹಗುರ, ಬಟ್ಟೆ ಭಾರ! ನಿಮ್ಮ ಗೆಳೆಯ ನೋಡಿದ್ದು ಅಂಥದ್ದೇ ಇರಬೇಕು. ಅವರು ಸುಳ್ಳು ಹೇಳಿಲ್ಲ, ಬೇರೆ ಬಟ್ಟೆಯ ವಿಷಯವನ್ನು ನಿಮ್ಮ ಬಟ್ಟೆಗೆ ಹಚ್ಚಿದರು ಅಷ್ಟೇ.

ಸ್ಟ್ರೆಚ್ ಡೆನಿಮ್ ಕಥೆ ಇನ್ನೂ ಬೇರೆ. ಅದರಲ್ಲಿ ಎಲಾಸ್ಟೇನ್ ಎಂಬ ರಬ್ಬರಿನಂತೆ ಹಿಗ್ಗುವ ಎಳೆ ಇರುವುದು ಸಾಮಾನ್ಯವಾಗಿ ಹೊಕ್ಕಿನಲ್ಲಿ. ನೀರು ಬಿಸಿ ತಾಗಿದರೆ ಅಗಲದಲ್ಲಿ ಜೋರಾಗಿ ಎಳೆದುಕೊಳ್ಳುತ್ತದೆ, ಶೇ 10 ದಾಟುವುದೂ ಉಂಟು. ತೊಳೆದ ಮೇಲೆ ಔನ್ಸ್ ಚೆನ್ನಾಗಿಯೇ ಏರುತ್ತದೆ. ಈ ಕಾರಣಕ್ಕೇ ಗಿರಣಿಯವರು ಮಾದರಿ ತುಂಡಿನ ಚೀಟಿಯಲ್ಲಿ ತೊಳೆಯುವ ಮೊದಲಿನ ತೂಕ, ತೊಳೆದ ನಂತರದ ತೂಕ ಎಂದು ಎರಡನ್ನೂ ಬರೆಯುತ್ತಾರೆ. ಅಂಗಡಿಗೆ ಬರುವ ಹೊತ್ತಿಗೆ ಲೇಬಲ್ ಮೇಲೆ ಒಂದೇ ಅಂಕಿ ಉಳಿದಿರುತ್ತದೆ. ಅದು ಯಾವುದು ಎಂದು ಗೊತ್ತಾಗುವುದಿಲ್ಲ. ಇದು ನನಗೆ ಯಾವತ್ತೂ ಸರಿ ಕಂಡಿಲ್ಲ. ಎರಡೂ ಅಂಕಿ ಬರೆಯುವುದಕ್ಕೆ ಇನ್ನೊಂದು ಸಾಲು ಸಾಕು.

ಪ್ರತಿ ಸಲ ತೊಳೆದಾಗಲೂ ಹೀಗೇ ಆಗುತ್ತದಾ ಎಂದು ಕೇಳಿದ್ದೀರಿ. ಆಗುವುದಿಲ್ಲ. ಗಂಜಿ ಇರುವವರೆಗೆ ಮಾತ್ರ ಇಷ್ಟು ಇಳಿಕೆ. ಮೊದಲನೇ ತೊಳೆತದಲ್ಲೇ ಹೆಚ್ಚಿನ ಪಾಲು ಹೋಗುತ್ತದೆ, ಎರಡು ಮೂರರಲ್ಲಿ ಉಳಿದದ್ದು. ಕುಗ್ಗುವಿಕೆಯೂ ಹಾಗೇ. ಇನ್ನು ಮುಂದೆ ಹೋಗುವುದು ಉಜ್ಜಿ ಬಿಡುವ ನಾರು ಮಾತ್ರ. ಅದು ಒಂದೊಂದು ಸಲಕ್ಕೆ ಅಡುಗೆಮನೆಯ ತಕ್ಕಡಿಗೆ ಗೊತ್ತಾಗದಷ್ಟು ಕಡಿಮೆ.

ಆದರೆ ನಿಜವಾದ ಸವೆತವನ್ನು ಒಟ್ಟು ತೂಕ ತೋರಿಸುವುದೇ ಇಲ್ಲ. ಜೀನ್ಸ್ ಒಂದೇ ಸಮ ಸವೆಯುವುದಿಲ್ಲ. ತೊಡೆಸಂದಿಯಲ್ಲಿ, ಮೊಣಕಾಲಲ್ಲಿ, ಜೇಬಿನ ಅಂಚಿನಲ್ಲಿ ಸವೆಯುತ್ತದೆ. ತೊಡೆಸಂದಿಯಲ್ಲಿ ಅಂಗೈಯಷ್ಟು ಜಾಗ ಅರ್ಧಕ್ಕರ್ಧ ತೆಳ್ಳಗಾದರೂ ಇಡೀ ಜೀನ್ಸ್‌ನಲ್ಲಿ ಎರಡು ಮೂರು ಗ್ರಾಂ ಇಳಿದೀತು. ನೋಡಬೇಕಾದ ರೀತಿ ಬೇರೆ. ಜೀನ್ಸ್ ಒಳಗೆ ಕೈ ಹಾಕಿ, ಆ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಗಟ್ಟಿ ಬಟ್ಟೆ ಬೆಳಕು ಬಿಡುವುದಿಲ್ಲ. ಸವೆದ ಕಡೆ ಬೆರಳಿನ ನೆರಳು ಕಾಣುತ್ತದೆ. ಡೆನಿಮ್ ನೇಯ್ಗೆಯಲ್ಲಿ ಸಾಮಾನ್ಯವಾಗಿ ಒಂದು ನೀಲಿ ಹಾಸು ಮೂರು ಹೊಕ್ಕಿನ ಮೇಲೆ ಹಾದು ಒಂದರ ಕೆಳಗೆ ಇಳಿಯುತ್ತದೆ. ಹಾಗಾಗಿ ಹೊರಗಿನ ಉಜ್ಜಾಟವನ್ನೆಲ್ಲ ತಾಳುವುದು ಹಾಸು. ಮೊದಲು ಕಿತ್ತುಹೋಗುವುದೂ ಅದೇ. ಹರಿದ ಮೊಣಕಾಲಲ್ಲಿ ಬಿಳಿ ಎಳೆಗಳು ಮಾತ್ರ ಅಡ್ಡಡ್ಡ ನಿಂತಿರುವುದನ್ನು ನೋಡಿರುತ್ತೀರಿ ಅಲ್ವಾ? ಹಾಸು ಹೋಗಿ ಉಳಿದ ಹೊಕ್ಕು ಅದು. ನೀಲಿ ಮಾಸಿ ಬಿಳಿ ಚುಕ್ಕೆಗಳು ಎದ್ದು ಕಾಣಲು ಶುರುವಾದಾಗಲೇ ಒಳಗಿನಿಂದ ಒಂದು ತುಂಡು ಇಟ್ಟು ಹೊಲಿಸಿದರೆ ಆ ಜಾಗ ಇನ್ನೂ ವರ್ಷಗಟ್ಟಲೆ ಬರುತ್ತದೆ. ತೂತು ಬಿದ್ದ ಮೇಲೆ ಕಷ್ಟ.

ಆರು ತಿಂಗಳು ತೊಳೆಯಬಾರದು ಎಂಬ ಮಾತಿನ ಹಿಂದೆ ಒಂದು ಆಸೆ ಇದೆ. ಗಂಜಿ ಇರುವ ಬಟ್ಟೆಯಲ್ಲಿ ಮಡಿಕೆ ಬಿದ್ದ ಕಡೆ ಗೆರೆ ಅಚ್ಚಾಗಿ ಕೂರುತ್ತದೆ. ಇಂಡಿಗೋ ಎಳೆಯ ಮೇಲ್ಪದರಕ್ಕೆ ಮಾತ್ರ ಹಿಡಿದಿರುತ್ತದೆ, ಒಳಗೆ ಎಳೆ ಬಿಳಿಯೇ. ಆ ಗೆರೆಗಳ ಏಣಿನಲ್ಲಿ ನೀಲಿ ಉಜ್ಜಿಹೋಗಿ ಒಳಗಿನ ಬಿಳಿ ಹೊರಬರುತ್ತದೆ. ಮಾಸುವಿಕೆ ಚೂಪಾಗಿ, ಚೆನ್ನಾಗಿ ಕಾಣುತ್ತದೆ. ಅದು ಇಷ್ಟ ಇರುವವರು ಹಾಗೆ ಮಾಡಲಿ, ತಪ್ಪಿಲ್ಲ. ಆರೋಗ್ಯದ ಭಯವೂ ಅಷ್ಟೊಂದು ಬೇಡ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ 15 ತಿಂಗಳು ತೊಳೆಯದೆ ಒಂದೇ ಜೀನ್ಸ್ ಹಾಕಿಕೊಂಡ. 2011ರಲ್ಲಿ ಅದರ ಫಲಿತಾಂಶ ಹೊರಬಂತು. ಆ ಜೀನ್ಸ್‌ನಲ್ಲಿದ್ದ ಬ್ಯಾಕ್ಟೀರಿಯಾ, ತೊಳೆದು 13 ದಿನ ಹಾಕಿದ ಮೇಲೆ ಇದ್ದಷ್ಟೇ ಹೆಚ್ಚುಕಡಿಮೆ ಇತ್ತು. ಒಬ್ಬನೇ ವ್ಯಕ್ತಿ, ಒಂದೇ ಜೀನ್ಸ್ ಅನ್ನುವುದು ಮಾತ್ರ ನೆನಪಿರಲಿ.

ನನ್ನ ತಕರಾರು ಬೇರೆ. ತೊಳೆಯದಿದ್ದರೆ ಬಟ್ಟೆ ಬಾಳುತ್ತದೆ ಎಂಬುದು ಸರಿಯಲ್ಲ. ಬೆವರು, ಎಣ್ಣೆಜಿಡ್ಡು, ನುಣ್ಣನೆ ಧೂಳು ಎಲ್ಲ ನೇಯ್ಗೆಯ ಒಳಗೆ ಕೂರುತ್ತವೆ. ನೀವು ನಡೆಯುವಾಗ ಆ ಧೂಳು ಎಳೆಗಳ ನಡುವೆ ಮರಳುಕಾಗದದ ಹಾಗೆ ಉಜ್ಜುತ್ತದೆ. ಗಡುಸು ಮಡಿಕೆಯ ಏಣಿನಲ್ಲಿ ಬಣ್ಣ ಮಾತ್ರ ಅಲ್ಲ, ನಾರೂ ಮುರಿಯುತ್ತದೆ. ತಿಂಗಳುಗಟ್ಟಲೆ ತೊಳೆಯದ ಜೀನ್ಸ್‌ಗಳು ತೊಡೆಸಂದಿಯಲ್ಲಿ ಬೇಗ ಬಾಯಿ ಬಿಟ್ಟದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೀವು ತೊಳೆದದ್ದು ತಪ್ಪಲ್ಲ. ತಪ್ಪಿದ್ದು ಕ್ರಮದಲ್ಲಿ ಮಾತ್ರ. ಮೊದಲು ನೆನೆಸಿ, ಒಣಗಿಸಿ, ಕುಗ್ಗುವಷ್ಟು ಕುಗ್ಗಿದ ಮೇಲೆ ಟೈಲರ್ ಹತ್ತಿರ ಹೋಗಬೇಕಿತ್ತು. ಎರಡೂವರೆ ಸೆಂಟಿಮೀಟರ್ ಗಿಡ್ಡ ಆದದ್ದಕ್ಕೆ ಕಾರಣ ಇದೇ. ಅಂಚಿನ ಮಡಿಕೆಯೊಳಗೆ ಬಟ್ಟೆ ಉಳಿದಿದ್ದರೆ ಬಿಚ್ಚಿ ಸಣ್ಣದಾಗಿ ಮಡಚಿಸಿ, ಒಂದು ಸೆಂಟಿಮೀಟರ್ ಆದರೂ ವಾಪಸ್ ಸಿಗುತ್ತದೆ.

ಈ ಜೀನ್ಸ್‌ಗೆ ಇನ್ನು ಮುಂದೆ ಏನು ಮಾಡಬಹುದು? ನಾನಾದರೆ ಒಳಮಗ್ಗುಲು ಹೊರಗೆ ಮಾಡಿ, ತಣ್ಣೀರಲ್ಲಿ, ಬ್ಲೀಚ್ ಇಲ್ಲದ ಸೌಮ್ಯ ಸೋಪಿನಲ್ಲಿ, ಕೊಳೆ ಅಥವಾ ವಾಸನೆ ಅನಿಸಿದಾಗ ತೊಳೆಯುತ್ತೇನೆ. ನೆರಳಲ್ಲಿ, ಗಾಳಿಯಲ್ಲಿ ಒಣಹಾಕುತ್ತೇನೆ. ಇದರಲ್ಲಿ ತೊಂದರೆ ಅಂದರೆ ಭಾರದ ಹೊಲಿಗೆಗಳು, ಸೊಂಟದ ಪಟ್ಟಿ ಒಣಗಲು ತುಂಬಾ ಹೊತ್ತು ಬೇಕು, ಅರ್ಧಂಬರ್ಧ ಒಣಗಿಸಿ ಮಡಚಿಟ್ಟರೆ ಬೂಸಲು ವಾಸನೆ ಹಿಡಿಯುತ್ತದೆ. ಬಿಸಿನೀರು, ಡ್ರೈಯರ್ ಬಳಸಿದರೆ ಕೆಲಸ ಬೇಗ ಆಗುತ್ತದೆ, ಆದರೆ ಉಳಿದ ಕುಗ್ಗುವಿಕೆಯೂ ಹೊರಬರುತ್ತದೆ. ನಿಮ್ಮದರಲ್ಲಿ ಉದ್ದ ಇನ್ನೂ ಕಡಿಮೆಯಾದರೆ ನಡೆಯುವುದಿಲ್ಲ. ಡ್ರೈಯರ್‌ನ ಜಾಲರಿಯಲ್ಲಿ ಸಿಕ್ಕುವ ನೀಲಿ ಹೊಟ್ಟು ನಿಮ್ಮ ಬಟ್ಟೆಯದೇ ನಾರು. ಕ್ಲೋರಿನ್ ಬ್ಲೀಚ್ ಮಾತ್ರ ಬೇಡವೇ ಬೇಡ. ಅದು ಬಣ್ಣ ತೆಗೆಯುವ ಜೊತೆಗೆ ಹತ್ತಿಯ ಬಲವನ್ನೇ ಮುರಿಯುತ್ತದೆ. ತೂಕ ಅಷ್ಟೇ ಇದ್ದರೂ ಎಳೆದರೆ ಹರಿಯುತ್ತದೆ. ಉಪ್ಪು ನೀರಲ್ಲೋ ವಿನೆಗರ್‌ನಲ್ಲೋ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ಸುಮ್ನೆ ಕೇಳಿಸಿಕೊಳ್ಳಿ. ಇಂಡಿಗೋ ಉಪ್ಪಿಗೆ ಗಟ್ಟಿಯಾಗುವ ಬಣ್ಣ ಅಲ್ಲ, ಉಜ್ಜಿದರೆ ಹೋಗುವುದೇ ಅದರ ಸ್ವಭಾವ.

18 ಔನ್ಸ್ ಕೊಳ್ಳಬೇಕಾ ಎಂಬುದಕ್ಕೆ ನನ್ನ ಉತ್ತರ, ಬಾಳಿಕೆಯ ಆಸೆಗೆ ಕೊಳ್ಳಬೇಡಿ. ಔನ್ಸ್ ಎಷ್ಟು ಹತ್ತಿ ಇದೆ ಎಂದು ಹೇಳುತ್ತದೆ. ಆ ಹತ್ತಿಯ ನಾರು ಉದ್ದವಾ ಮೋಟಾ, ನೂಲಿನ ಹುರಿ ಹೇಗಿದೆ, ನೇಯ್ಗೆ ಒತ್ತಾಗಿದೆಯಾ ಎಂದು ಹೇಳುವುದಿಲ್ಲ. ಒಳ್ಳೆ ನೂಲಿನ 13 ಔನ್ಸ್ ಡೆನಿಮ್ ಮೋಟುನಾರಿನ 16 ಔನ್ಸ್‌ನದ್ದಕ್ಕಿಂತ ಜಾಸ್ತಿ ಬಾಳುವುದುಂಟು. ತೀರಾ ದಪ್ಪದ ಬಟ್ಟೆ ಮಡಿಕೆಯಲ್ಲಿ ಬಾಗುವುದಿಲ್ಲ, ಮುರಿದ ಹಾಗೆ ಆಗುತ್ತದೆ, ಅಲ್ಲೇ ಸವೆಯುತ್ತದೆ. ನೇಕೆಡ್ ಅಂಡ್ ಫೇಮಸ್ ಎಂಬ ಬ್ರ್ಯಾಂಡ್ 32 ಔನ್ಸ್‌ನ ಜೀನ್ಸ್ ಮಾಡಿದೆ, ಚದರ ಮೀಟರ್‌ಗೆ ಒಂದು ಕಿಲೋಗಿಂತ ಜಾಸ್ತಿ. ಅದನ್ನು ಇಷ್ಟಪಡುವವರು ಅದರ ಭಾರವನ್ನೇ ಇಷ್ಟಪಡುತ್ತಾರೆ. ನಿಮಗೂ ಆ ಗಡುಸು, ಆ ಭಾರ ಮೈಗೆ ಹಿತ ಅನಿಸಿದರೆ ಧಾರಾಳವಾಗಿ ಕೊಳ್ಳಿ. ದಿನಾ ಹಾಕಿ ಓಡಾಡಲು 12ರಿಂದ 14 ಔನ್ಸ್ ಸಾಕು ಎಂಬುದು ನನ್ನ ಅನುಭವ.

ನಿಮ್ಮ ಹತ್ತಿರ ಇನ್ನೊಂದು ಕಾಲಿನ ತುಂಡು ಉಳಿದಿದೆ ಅಲ್ವಾ? ಅದನ್ನು ಎಸೆಯಬೇಡಿ. ಅಂಚು ಬಿಚ್ಚದ ಹಾಗೆ ಸುತ್ತಲೂ ಹೊಲಿಗೆ ಹಾಕಿಸಿ. ಮಧ್ಯದಲ್ಲಿ ಅಳಿಸದ ಮಸಿಯ ಪೆನ್ನಿನಿಂದ ಸರಿಯಾಗಿ 10 ಸೆಂಟಿಮೀಟರ್ ಚೌಕ ಗುರುತು ಮಾಡಿ, ಯಾವುದು ಕಾಲಿನ ಉದ್ದದ ದಿಕ್ಕು ಎಂದು ಒಂದು ಬಾಣ ಹಾಕಿ. ಒಂದು ರಾತ್ರಿ ಕೋಣೆಯಲ್ಲಿ ಬಿಟ್ಟು, ಇಡೀ ತುಂಡನ್ನು ತೂಗಿ ಬರೆದಿಡಿ. ಆಮೇಲೆ ಮೂರು ಸಲ ಬೆಚ್ಚಗಿನ ನೀರಲ್ಲಿ ತೊಳೆದು, ಪ್ರತಿ ಸಲವೂ ಒಣಗಿಸಿ, ಮತ್ತೆ ಒಂದು ರಾತ್ರಿ ಬಿಟ್ಟು ತೂಗಿ. ಚೌಕದ ಎರಡೂ ಬದಿ ಅಳೆಯಿರಿ. ಇದರಲ್ಲಿ ಬಟನ್ ಇಲ್ಲ, ಜಿಪ್ ಇಲ್ಲ, ಜೇಬಿನ ಬಟ್ಟೆ ಇಲ್ಲ. ನಾನು ಮೇಲೆ ಹಾಕಿದ ಲೆಕ್ಕ ಎಷ್ಟು ಸರಿ ಎಂದು ನಿಮ್ಮ ಕೈಯಲ್ಲೇ ಗೊತ್ತಾಗುತ್ತದೆ. ಬಂದ ಅಂಕಿಗಳನ್ನು ನನಗೂ ಬರೆದು ಕಳಿಸಿ.